ಪರದೇಶಿ ಯಾರೆಂದು ತೀರ್ಮಾನಿಸುವವರು ಯಾರು?

ನಮ್ಮ ಸೀಮೆಯಲ್ಲಿ 'ಪರದೇಶಿ' ಎಂಬ ಮಾತಿಗೆ ಎರಡು ಅರ್ಥ. ಬೇರೆ ದೇಶದವನು ಎಂಬುದೊಂದು. ಹಿಂದುಮುಂದಿಲ್ಲದ ಗತಿಗೇಡಿ ಎಂಬುದು ಇನ್ನೊಂದು. ಮೊನ್ನೆ ಸಿ.ಎಸ್. ಪುರದ ಹೋಟೆಲೊಂದರಲ್ಲಿ ಈ ಎರಡು ಅರ್ಥಗಳೂ ಒಂದೇ ಬೆಂಚಿನ ಮೇಲೆ ಕುಳಿತು ಟೀ ಕುಡಿಯುತ್ತಿದ್ದುದನ್ನು ನಾವು ಕಂಡೆವು.

ಕಾಯಿ ಸುಲಿಯುವ ಕೆಲಸಕ್ಕೆಂದು ಬಂದಿದ್ದ ನಾಲ್ವರು ಹುಡುಗರು. ತಮ್ಮತಮ್ಮಲ್ಲಿ ತಮ್ಮ ಭಾಷೆಯಲ್ಲಿ ಮಾತಾಡಿಕೊಳ್ಳುತ್ತಿದ್ದರು. ಎದುರು ಬೆಂಚಿನಲ್ಲಿದ್ದ ಇಸ್ತ್ರಿ ಅಂಗಿಯ ಮಹಾಶಯರೊಬ್ಬರು ಅವರನ್ನು ಒಂದು ಸಲ ನೋಡಿ, "ಬಾಂಗ್ಲಾದವರು, ಮುಖ ನೋಡಿದರೇ ಗೊತ್ತಾಗುತ್ತೆ, ಇವರನ್ನೆಲ್ಲ ಒದ್ದೋಡಿಸಬೇಕು" ಎಂದರು. ಮೂಲೆಯಲ್ಲಿ ಬೀಡಿ ಸೇದುತ್ತಿದ್ದ ಮುದುಕನೊಬ್ಬ "ಬಾಂಗ್ಲಾ ನೋಡಿದ್ದೀಯೇನಪ್ಪಾ ನೀನು?" ಎಂದ. ನಗೆಯೆದ್ದಿತು. ಹುಡುಗರಲ್ಲಿ ಹಿರಿಯವನಿಗೆ ಕನ್ನಡ ಅಷ್ಟಿಷ್ಟು ಬರುತ್ತಿತ್ತು. ಅವನು ಮಾತ್ರ ನಗಲಿಲ್ಲ. ಒಳಜೇಬಿನಿಂದ ಒಂದು ಪ್ಲಾಸ್ಟಿಕ್ ಚೀಲ ತೆಗೆದು ಟೇಬಲಿನ ಮೇಲೆ ಬಿಡಿಸಿಟ್ಟ. ಅಸ್ಸಾಮಿನ ಬರಪೇಟಾ ಜಿಲ್ಲೆಯ ವಿಳಾಸವಿದ್ದ ಆಧಾರ್ ಕಾರ್ಡು. ಅದರ ಕೆಳಗೆ ಮಡಿಸಿ ಮಡಿಸಿ ಸವೆದ ಒಂದು ನಕಲು. ಅವನ ಅಜ್ಜನ ಹೆಸರಿರುವ 1966ರ ಮತದಾರರ ಪಟ್ಟಿ! ಕೂಲಿಗೆ ಬಂದ ಹುಡುಗ ಮಚ್ಚಿನ ಜೊತೆಗೆ ಅಜ್ಜನ ಹೆಸರನ್ನೂ ಹೊತ್ತು ಎರಡು ಸಾವಿರ ಮೈಲಿ ತಿರುಗುತ್ತಿದ್ದಾನೆ.

ಮಹಾಶಯರ ತೀರ್ಪಿಗೆ ಹಿಡಿದದ್ದು ಅರ್ಧ ನಿಮಿಷ. ಸಾಕ್ಷಿ ಇಲ್ಲ, ವಿಚಾರಣೆ ಇಲ್ಲ, ಅಪೀಲು ಇಲ್ಲ. ಹೋಟೆಲಿನ ತೀರ್ಪಾದುದರಿಂದ ಲೋಟದೊಡನೆಯೇ ತೊಳೆದುಹೋಯಿತೆನ್ನಿ. ಆದರೆ ಇದೇ ಪ್ರಶ್ನೆಯನ್ನು ಸರ್ಕಾರದ ಮೊಹರಿನೊಡನೆ ತೀರ್ಮಾನಿಸತಕ್ಕ ಕುರ್ಚಿಗಳು ಈ ದೇಶದಲ್ಲಿವೆ. ಆ ಕುರ್ಚಿಯಲ್ಲಿ ಕೂರುವಾತ ಯಾರು, ಅವನನ್ನು ಕೂರಿಸುವವರು ಯಾರು, ಎಬ್ಬಿಸುವವರು ಯಾರು? ಇದು ದೂರದ ಮಾತೆಂದು ವಾಚಕರು ಪುಟ ತಿರುವಬಾರದೆಂದು ಕೋರುತ್ತೇವೆ.

ಅಸ್ಸಾಮಿನಲ್ಲಿ ಆ ಕುರ್ಚಿಗೆ ವಿದೇಶೀಯರ ನ್ಯಾಯಮಂಡಳಿ ಎಂದು ಹೆಸರು. ಬ್ರಿಟಿಷರು ಬಿಟ್ಟುಹೋದ 1946ರ ವಿದೇಶೀಯರ ಕಾಯಿದೆಯ ಕೆಳಗೆ ಕೇಂದ್ರ ಸರ್ಕಾರವು 1964ರಲ್ಲಿ ಹೊರಡಿಸಿದ ಒಂದು ಆಜ್ಞೆಯಿಂದ ಹುಟ್ಟಿದ್ದು ಅದು. 2019ರ ಹೊತ್ತಿಗೆ ಇಂತಹ ಮಂಡಳಿಗಳು ನೂರು ಇದ್ದವು. 1971ರ ಮಾರ್ಚ್ 25ಕ್ಕೆ ಮೊದಲು ತಾನೋ ತನ್ನ ಹಿರಿಯರೋ ಅಸ್ಸಾಮಿನಲ್ಲಿದ್ದರೆಂದು ತೋರಿಸಲಾರದವನು ಅಲ್ಲಿ ಪರದೇಶಿ. ತೋರಿಸಬೇಕಾದವನು ಅವನೇ ಹೊರತು ಸರ್ಕಾರವಲ್ಲ. ಕಳ್ಳತನದ ಮೊಕದ್ದಮೆಯಲ್ಲಾದರೆ ಕದ್ದನೆಂದು ಪೊಲೀಸರು ರುಜುವಾತು ಮಾಡಬೇಕು. ಇಲ್ಲಿ ನಾನು ಈ ದೇಶದವನೆಂದು ಕೂಲಿಯವನು ರುಜುವಾತು ಮಾಡಬೇಕು. 2025ರಲ್ಲಿ ಹಳೆಯ ಕಾಯಿದೆಯನ್ನು ರದ್ದುಮಾಡಿ ಹೊಸ ವಲಸೆ ಮತ್ತು ವಿದೇಶೀಯರ ಕಾಯಿದೆಯನ್ನು ತಂದರು. ಸೆಪ್ಟೆಂಬರ್ 1ರಿಂದ ಅದು ಜಾರಿಗೆ ಬಂದಿತು. ರುಜುವಾತಿನ ಹೊರೆ ಮಾತ್ರ ಹೊತ್ತವನ ತಲೆಯ ಮೇಲೆಯೇ ಉಳಿಯಿತು. ಬ್ರಿಟಿಷರ ಬೇರೆಲ್ಲವನ್ನೂ ಬಯ್ಯುವವರಿಗೆ ಈ ಒಂದು ಕಲಮು ಹಿಡಿಸಿತೆಂದು ಕಾಣುತ್ತದೆ.

ಆ ಕುರ್ಚಿಯ ಕಾಲುಗಳನ್ನು ನೋಡೋಣ. ಅಲ್ಲಿ ಕೂರುವವರು ಕಾಯಂ ನ್ಯಾಯಾಧೀಶರಲ್ಲ. ನಿವೃತ್ತರಾದವರನ್ನೋ ಕೆಲವು ವರ್ಷ ವಕೀಲಿ ಮಾಡಿದವರನ್ನೋ ಕರಾರಿನ ಮೇಲೆ ನೇಮಿಸುತ್ತಾರೆ. ಕರಾರು ಮುಗಿದಾಗ ಮುಂದುವರಿಸುವುದೂ ಬಿಡುವುದೂ ಸರ್ಕಾರದ ಚಿತ್ತ. ಮಂಡಳಿಯ ಮುಂದೆ ನಿಂತಿರುವ ಒಬ್ಬ ಪಕ್ಷಗಾರ ಯಾರು? ಅದೇ ಸರ್ಕಾರ. ಗೌಡನ ತಕರಾರನ್ನು ಗೌಡನ ಜೀತದವನು ಫೈಸಲು ಮಾಡಿದಂತಾಗಲಿಲ್ಲವೆ? 2017ರಲ್ಲಿ ಇಂತಹ 19 ಮಂದಿ ಸದಸ್ಯರನ್ನು ಮನೆಗೆ ಕಳುಹಿಸಲಾಯಿತು. ಅವರು ಹೈಕೋರ್ಟಿಗೆ ಹೋದಾಗ ಒಂದು ತಖ್ತೆ ಹೊರಬಿತ್ತು. ಒಬ್ಬೊಬ್ಬ ಸದಸ್ಯನೂ ಎಷ್ಟು ಕೇಸು ತೀರಿಸಿದ, ಅದರಲ್ಲಿ ನೂರಕ್ಕೆ ಎಷ್ಟು ಜನರನ್ನು ವಿದೇಶಿಯೆಂದು ಸಾರಿದ ಎಂಬ ಲೆಕ್ಕ ಅದರಲ್ಲಿತ್ತು. ಪಕ್ಕದಲ್ಲಿ ಷರಾ: ಕೆಲಸ ತೃಪ್ತಿಕರವಲ್ಲ. ಕಡಮೆ ಜನರನ್ನು ಹೊರದೂಡಿದವನ ಕೆಲಸ ತೃಪ್ತಿಕರವಲ್ಲ! ಮುಂದೆ ಆ ಕುರ್ಚಿಯಲ್ಲಿ ಕೂತವನ ಲೇಖನಿ ಯಾವ ಕಡೆ ವಾಲಬೇಕೆಂದು ಹೇಳಿಕೊಡಲು ಬೇರೆ ಸುತ್ತೋಲೆ ಬೇಕೆ?

ಕೇಂದ್ರ ಸರ್ಕಾರವೇ 2019ರ ಜುಲೈನಲ್ಲಿ ಲೋಕಸಭೆಗೆ ಕೊಟ್ಟ ಉತ್ತರದಂತೆ, 1985ರಿಂದ 2019ರ ಫೆಬ್ರವರಿಯವರೆಗೆ 63,959 ಮಂದಿಯನ್ನು ಅವರ ಗೈರುಹಾಜರಿಯಲ್ಲಿಯೇ ವಿದೇಶೀಯರೆಂದು ಸಾರಲಾಗಿತ್ತು. ಅವರೆಲ್ಲ ತಲೆತಪ್ಪಿಸಿಕೊಂಡವರೆ? ನೋಟೀಸು ಮನೆ ಬಾಗಿಲಿಗೆ ಬಂದಾಗ ಮನೆಯವನು ಇಟ್ಟಿಗೆ ಗೂಡಿನಲ್ಲೋ ಕೊಡಗಿನ ಕಾಫಿ ತೋಟದಲ್ಲೋ ಸಿ.ಎಸ್. ಪುರದ ಕಾಯಿ ಮಂಡಿಯಲ್ಲೋ ಇರುತ್ತಾನೆ. ಒಂದು ವಾಯಿದೆಗೆ ಹೋಗಿಬರಲು ಅವನಿಗೆ ತಿಂಗಳ ಕೂಲಿ ಸಾಲದು.

ನಲ್ಬಾರಿ ಜಿಲ್ಲೆಯ ಒಬ್ಬಾತನ ಕಥೆ ಕೇಳಿ. 2012ರಲ್ಲಿ ಮಂಡಳಿಯು ಅವನನ್ನು ವಿದೇಶಿಯೆಂದು ಸಾರಿತು. ಅವನು ತಂದ ಕಾಗದಗಳಲ್ಲಿ ಹೆಸರಿನ ಅಕ್ಷರಗಳೂ ತಾರೀಖುಗಳೂ ಒಂದಕ್ಕೊಂದು ತಾಳೆಯಾಗುವುದಿಲ್ಲವೆಂದು ಆಮೇಲೆಯೂ ಕಾರಣ ಬಂತು. 2024ರ ಜುಲೈ 11ರಂದು ಸುಪ್ರೀಂ ಕೋರ್ಟು ಅವನು ಭಾರತೀಯನೇ ಎಂದು ಹೇಳಿತು. ಸುಮ್ಮನೆ ಒಬ್ಬನನ್ನು ಹಿಡಿದು ನೀನು ಪರದೇಶಿಯಲ್ಲವೆಂದು ತೋರಿಸು ಎನ್ನಲಾಗದು, ಸಂಶಯಕ್ಕೆ ಮೊದಲು ಸರ್ಕಾರದ ಕೈಯಲ್ಲಿ ಏನಾದರೂ ಆಧಾರವಿರಬೇಕು, ಕಾಗುಣಿತದ ಸಣ್ಣಪುಟ್ಟ ವ್ಯತ್ಯಾಸಗಳಿಂದ ಪೌರತ್ವ ಹೋಗದು ಎಂದೂ ಹೇಳಿತು. ಒಳ್ಳೆಯ ತೀರ್ಪು. ಆದರೆ ಅದು ಬರುವ ಹೊತ್ತಿಗೆ ಆತ ತೀರಿಕೊಂಡು ಎರಡು ವರ್ಷ ದಾಟಿತ್ತು. ಸತ್ತವನಿಗೆ ದೇಶ ಸಿಕ್ಕಿತು.

ಕಾಗುಣಿತವೆಂದರೆ ನಮ್ಮ ಹೋಬಳಿಯವರಿಗೆ ಬೇರೆ ವಿವರಿಸಬೇಕಾಗಿಲ್ಲ. ಪಹಣಿಯಲ್ಲಿ ಗಂಗಯ್ಯ, ಪಡಿತರ ಚೀಟಿಯಲ್ಲಿ ಗಂಗಣ್ಣ, ಆಧಾರದಲ್ಲಿ ಗಂಗಾಧರಯ್ಯ, ಬ್ಯಾಂಕಿನ ಪುಸ್ತಕದಲ್ಲಿ ಇನ್ನೇನೋ, ಮನುಷ್ಯನೊಬ್ಬನೇ. ಪೌತಿ ಖಾತೆಗೆ ಅರ್ಜಿ ಹಾಕಿದವರನ್ನು ಕೇಳಿ ನೋಡಿ. ಅಜ್ಜನ ಹೆಸರಿಗೂ ಮೊಮ್ಮಗನ ಕಾಗದಕ್ಕೂ ತಾಳೆ ಹಾಕಿಸಲು ಎಷ್ಟು ಸಲ ಕಚೇರಿ ಮೆಟ್ಟಿಲು ಹತ್ತಿದರೆಂದು ಹೇಳುತ್ತಾರೆ. ನಮಗೇ ಒಂದು ಕಚೇರಿಯಲ್ಲಿ, ನಿಮ್ಮ ತಂದೆಯ ಹೆಸರಿನ ಕೊನೆಯಲ್ಲಿ 'ಅಪ್ಪ' ಇದೆಯೋ 'ಅಯ್ಯ' ಇದೆಯೋ ತೀರ್ಮಾನಿಸಿಕೊಂಡು ಬನ್ನಿ ಎಂದು ಹೇಳಿ ಕಳುಹಿಸಿದ್ದರು. ತೀರ್ಮಾನಿಸಬೇಕಾಗಿದ್ದ ತಂದೆಯವರು ಆಗಲೇ ಕಾಲವಾಗಿದ್ದರು. ಇಲ್ಲಿ ಹೋದರೆ ಎರಡು ಗುಂಟೆ ಜಮೀನಿನ ಖಾತೆ ನಿಲ್ಲುತ್ತದೆ. ಅಲ್ಲಿ ಹೋದರೆ ದೇಶವೇ ಹೋಗುತ್ತದೆ. 2019ರ ಆಗಸ್ಟ್ 31ರಂದು ಅಸ್ಸಾಮಿನಲ್ಲಿ ಪ್ರಕಟವಾದ ಪೌರರ ಪಟ್ಟಿಯಿಂದ ಹೊರಗುಳಿದವರು 19,06,657 ಮಂದಿ. ನಮ್ಮ ಗುಬ್ಬಿ ತಾಲ್ಲೂಕಿನ ಬಡಬಗ್ಗರ ಕಾಗದಗಳನ್ನು ಅದೇ ಜರಡಿಯಲ್ಲಿ ಹಾಕಿ ಆಡಿಸಿದರೆ ಮೇಲೆ ಉಳಿಯುವವರು ಎಷ್ಟು ಮಂದಿ?

ಕುರ್ಚಿಯಲ್ಲಿ ಕೂತವನ ಕಷ್ಟವನ್ನೂ ನಾವು ಮರೆಯಬಾರದು. ಕೆಲಸ ಸುಲಭದ್ದಲ್ಲ. ಎದುರಿಗೆ ನಿಂತವನು ನಿಜ ಹೇಳುತ್ತಾನೋ ಸುಳ್ಳು ಹೇಳುತ್ತಾನೋ ಎಂದು ಮುಖ ನೋಡಿ ತಿಳಿಯತಕ್ಕ ಯಂತ್ರವನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲ. ನೀನು ಹುಟ್ಟಿದ್ದು ಯಾವಾಗ ಎಂದರೆ ನಮ್ಮ ಹಳ್ಳಿಯ ಮುದುಕಿ ಏನೆನ್ನುತ್ತಾಳೆ? ಕೆರೆ ಕೋಡಿ ಬಿದ್ದ ವರ್ಷ ಎನ್ನುತ್ತಾಳೆ. ಅದು ಸುಳ್ಳಲ್ಲ, ತಾರೀಖೂ ಅಲ್ಲ. ಊರು ಬಿಟ್ಟು ಓಡಿಬಂದವನು ತನ್ನ ಕಥೆಯನ್ನು ಮೂರು ಸಲವೂ ಒಂದೇ ರೀತಿ ಹೇಳಿದರೆ ಬಾಯಿಪಾಠ ಮಾಡಿಕೊಂಡು ಬಂದಿದ್ದಾನೆಂದು ಸಂಶಯ. ಒಂದು ಸಲ ಹಿಂದುಮುಂದಾದರೆ ಸುಳ್ಳುಗಾರನೆಂದು ಸಂಶಯ. ಅತ್ತರೆ ನಾಟಕ, ಅಳದಿದ್ದರೆ ಇವನಿಗೆ ಅಂತಹದೇನೂ ಆಗಿಲ್ಲ. ನಡುವೆ ದುಭಾಷಿ ಬೇರೆ. ಒಂದು ಪದ ತಪ್ಪಿದರೆ ಚಿಕ್ಕಪ್ಪ ಮಾವನಾಗುತ್ತಾನೆ. ಇಂತಹ ಕೆಲಸಕ್ಕೆ ಕೂರುವವನಿಗೆ ಬಿಡುವು ಬೇಕು, ತಾಳ್ಮೆ ಬೇಕು. ಇಂದು ಇವನನ್ನು ಬಿಟ್ಟರೆ ನಾಳೆ ನನ್ನ ಅನ್ನ ಹೋದೀತು ಎಂಬ ಭಯವಂತೂ ಇರಲೇಕೂಡದು.

ಹೊರದೇಶಗಳಲ್ಲಿ ಇದನ್ನು ಹೇಗೆ ಮಾಡಿದ್ದಾರೆ ನೋಡೋಣ. ಕೆನಡಾ ದೇಶದಲ್ಲಿ ಒಂದು ಕಾಲಕ್ಕೆ ಆಶ್ರಯ ಬೇಡಿ ಬಂದವನ ಹೇಳಿಕೆಯನ್ನು ಬರೆದುಕೊಂಡು, ಕಾಗದ ನೋಡಿಯೇ ತೀರ್ಮಾನಿಸುತ್ತಿದ್ದರು. ತೀರ್ಮಾನಿಸುವವನೂ ಬಂದವನೂ ಮುಖಾಮುಖಿಯಾಗುತ್ತಲೇ ಇರಲಿಲ್ಲ. ಕೆಲವರು ಇದರ ಮೇಲೆ ಕೋರ್ಟಿಗೆ ಹೋದರು. ಅವರಲ್ಲಿ ಹೆಚ್ಚಿನವರು ನಮ್ಮ ಪಂಜಾಬಿನ ಸಿಖ್ಖರು. 1985ರ ಏಪ್ರಿಲ್ 4ರಂದು ಅಲ್ಲಿನ ಸುಪ್ರೀಂ ಕೋರ್ಟು ಅವರ ಪರವಾಗಿ ತೀರ್ಪು ಕೊಟ್ಟಿತು. ಮನುಷ್ಯನ ಮಾತನ್ನು ನಂಬಬೇಕೋ ಬಿಡಬೇಕೋ ಎಂಬುದೇ ಪ್ರಶ್ನೆಯಾಗಿರುವಾಗ ಆ ಮನುಷ್ಯನನ್ನು ಎದುರಿಗೆ ಕೂರಿಸಿಕೊಂಡು ಕೇಳದೆ ತೀರ್ಮಾನಿಸುವುದು ನ್ಯಾಯವಲ್ಲ ಎಂಬುದು ಅದರ ಸಾರ. ಅದರ ಫಲವಾಗಿ 1989ರಲ್ಲಿ ಅಲ್ಲಿ ಸ್ವತಂತ್ರ ವಲಸೆ ಮತ್ತು ನಿರಾಶ್ರಿತರ ಮಂಡಳಿ ಏರ್ಪಟ್ಟಿತು. 2012ರಲ್ಲಿ ಅದರೊಳಗೇ ಅಪೀಲು ಕೇಳುವ ವಿಭಾಗವೂ ಕೆಲಸ ಪ್ರಾರಂಭಿಸಿತು. ಪರದೇಶಕ್ಕೆ ಹೋದ ಭಾರತೀಯರು ಹೋರಾಡಿ ಗಳಿಸಿದ ಈ ಹಕ್ಕನ್ನು ಭಾರತದೊಳಗೆ ಕೇಳಿದರೆ ದೇಶದ್ರೋಹವೇಕಾಗಬೇಕು?

ಎಲ್ಲವೂ ಅಲ್ಲಿ ಸ್ವರ್ಗವೆಂದು ನಾವು ಹೇಳುತ್ತಿಲ್ಲ. ಅಮೆರಿಕದ ವಲಸೆ ಕೋರ್ಟುಗಳ ಬಗ್ಗೆ 2007ರಲ್ಲಿ ಮೂವರು ಕಾನೂನು ಪಂಡಿತರು ಲೆಕ್ಕ ತೆಗೆದರು. ಮಯಾಮಿ ನಗರದ ಒಂದೇ ಕಟ್ಟಡದಲ್ಲಿ ಕೊಲಂಬಿಯ ದೇಶದಿಂದ ಬಂದವರಿಗೆ ಒಬ್ಬ ನ್ಯಾಯಾಧೀಶನ ಮುಂದೆ ನೂರಕ್ಕೆ 5ರಷ್ಟು ಮಾತ್ರ ಆಶ್ರಯ ಸಿಗುವ ಸಂಭವ. ಇನ್ನೊಬ್ಬನ ಮುಂದೆ ನೂರಕ್ಕೆ 88. ಯಾವ ಬಾಗಿಲೊಳಗೆ ಕರೆಯುತ್ತಾರೆಂಬುದೇ ಅವನ ಹಣೆಬರಹ. ಆ ನ್ಯಾಯಾಧೀಶರು ನ್ಯಾಯಾಂಗಕ್ಕೆ ಸೇರಿದವರೂ ಅಲ್ಲ, ಸರ್ಕಾರದ ಇಲಾಖೆಯೊಂದರ ನೌಕರರು. 2025ರಲ್ಲಿ ಅಧಿಕಾರ ಬದಲಾದೊಡನೆ ಅವರಲ್ಲಿ ಹಲವರ ಕೆಲಸ ಹೋಯಿತು. ಅದೇ ವರ್ಷ ಫೆಬ್ರವರಿ 5ರಂದು ನಮ್ಮವರೇ 104 ಮಂದಿ ಕೈಕಾಲಿಗೆ ಕೋಳ ತೊಡಿಸಿಕೊಂಡು ಅಮೆರಿಕದ ಸೇನಾ ವಿಮಾನದಲ್ಲಿ ಅಮೃತಸರಕ್ಕೆ ಬಂದಿಳಿದರು. ದೇಶವೆಲ್ಲ ಅವಮಾನವೆಂದು ಕೂಗಿತು. ಕೂಗಿದ್ದು ಸರಿ. ಆದರೆ ಸಿ.ಎಸ್. ಪುರದ ಹೋಟೆಲಿನ ಮಹಾಶಯರು ಆ ದಿನ ಯಾವ ಕಡೆ ಕೂಗಿದರೋ ತಿಳಿಯಬೇಕು.

ನಮ್ಮ ರಾಜ್ಯದಲ್ಲಿ ಕುರ್ಚಿ ಅಲುಗಾಡುತ್ತದೆಯೆ ಎಂದು ಕೇಳುವಂತೆಯೇ ಇಲ್ಲ. ಇಲ್ಲಿ ಕುರ್ಚಿಯೇ ಇಲ್ಲ. ಭಾರತ ಸರ್ಕಾರವು 1951ರ ನಿರಾಶ್ರಿತರ ಒಡಂಬಡಿಕೆಗೆ ಸಹಿ ಹಾಕಿಲ್ಲ. ನಿರಾಶ್ರಿತನೆಂದರೆ ಯಾರೆಂದು ಹೇಳುವ ಕಾಯಿದೆ ನಮ್ಮಲ್ಲಿಲ್ಲ. ಹೊಸ ಕಾಯಿದೆಯಲ್ಲಿಯೂ ಇಲ್ಲ. ಅದರ ಬದಲು ಆಜ್ಞೆಗಳಿವೆ. ಇಂತಿಂಥವರಿಗೆ ವಿನಾಯಿತಿ ಎಂಬ ಆಜ್ಞೆಗಳು. ಅದರಲ್ಲಿ ನೆರೆಯ ಮೂರು ದೇಶಗಳಿಂದ ಬಂದವನ ಧರ್ಮ ಯಾವುದೆಂದು ಕೇಳುತ್ತಾರೆಯೇ ಹೊರತು, ಅವನ ಬೆನ್ನ ಮೇಲಿನ ಬಾಸುಂಡೆ ಯಾರು ಹೊಡೆದದ್ದೆಂದು ಕೇಳುವುದಿಲ್ಲ.

ಟಿಬೇಟಿನವರ ವಿಷಯವನ್ನು ತೆಗೆದುಕೊಳ್ಳಿ. 1950ರಲ್ಲಿ ಚೀನಾ ಸೇನೆ ಟಿಬೇಟಿಗೆ ನುಗ್ಗಿದಾಗ ಅದನ್ನು ಶಿಶುಹತ್ಯೆ ಎಂದು ಕರೆದವರು ನಮ್ಮ ಡಾ. ರಾಮಮನೋಹರ ಲೋಹಿಯಾ. ದಿಲ್ಲಿಯವರಿಗೆ ಆ ಮಾತು ಅಂದು ಕಹಿಯಾಗಿತ್ತು. 1959ರಲ್ಲಿ ಟಿಬೇಟಿಯನ್ನರು ಗಡಿ ದಾಟಿ ಬಂದ ಮೇಲೆ ಅಂದಿನ ಮೈಸೂರು ಸರ್ಕಾರವು ಬೈಲುಕುಪ್ಪೆಯಲ್ಲಿ ಮೂರು ಸಾವಿರ ಎಕರೆಯಷ್ಟು ಕಾಡು ನೆಲವನ್ನು ಕೊಟ್ಟಿತು. ಮುಂದೆ ಮುಂಡಗೋಡು, ಹುಣಸೂರು, ಕೊಳ್ಳೇಗಾಲಗಳಲ್ಲೂ ಅವರು ನೆಲೆಸಿದರು. ಉದಾರವಾದ ಕೆಲಸ, ಅದನ್ನು ಮೆಚ್ಚುತ್ತೇವೆ. ಆದರೆ ಅದು ದಯೆ, ಹಕ್ಕಲ್ಲ. ಕಾಲಕಾಲಕ್ಕೆ ನೋಂದಣಿ ಪತ್ರವನ್ನು ಹಿಡಿದು ಅಧಿಕಾರಿಗಳ ಮುಂದೆ ನಿಲ್ಲಬೇಕು. ಇಲ್ಲಿಯೇ ಹುಟ್ಟಿ, ಇಲ್ಲಿಯೇ ಜೋಳ ಬೆಳೆದು, ಕನ್ನಡ ಮಾತಾಡಿ ಬದುಕಿದವರೂ ಪರದೇಶಿಗಳಾಗಿಯೇ ಉಳಿದರು. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರೆಂದು ಪೌರತ್ವ ಕಾಯಿದೆಯಲ್ಲಿ ಬರೆದಿತ್ತಷ್ಟೆ. ಅದು ಇವರಿಗೂ ಅನ್ವಯಿಸುತ್ತದೆಂದು ಹೇಳಿಸಿಕೊಳ್ಳಲು ದಿಲ್ಲಿ ಹೈಕೋರ್ಟಿನ 2010ರ ತೀರ್ಪೂ ನಮ್ಮ ಹೈಕೋರ್ಟಿನ 2013ರ ತೀರ್ಪೂ ಬೇಕಾದವು. ಕೇಳಲು ಒಂದು ಮಂಡಳಿ ಇದ್ದಿದ್ದರೆ ಅರ್ಧ ಶತಮಾನ ಕಾಯಬೇಕಾಗಿತ್ತೆ?

ಸುಳ್ಯ, ಪುತ್ತೂರು ಕಡೆಯ ರಬ್ಬರು ತೋಟಗಳಲ್ಲಿ ದುಡಿಯುತ್ತಿರುವ ತಮಿಳರೂ ಹೀಗೆಯೇ ಬಂದವರು. 1964ರ ಶಾಸ್ತ್ರಿ ಸಿರಿಮಾವೊ ಒಪ್ಪಂದದಲ್ಲಿ ಸಿಲೋನಿನ ತೋಟಗಳ ಕೂಲಿಗಾರರನ್ನು ಭಾರತಕ್ಕೆ 5,25,000, ಸಿಲೋನಿಗೆ 3,00,000 ಎಂದು ಹಂಚಿಕೊಂಡರು; ಉಳಿದವರದು ಆಮೇಲೆ ನೋಡೋಣ ಎಂದರು. ಮಂಡಿಯಲ್ಲಿ ಕಾಯಿ ಎಣಿಸಿದಂತೆ. ಕಾಯಿಗಾದರೂ ಗಾತ್ರ ನೋಡಿ ಬೆಲೆ ಕಟ್ಟುತ್ತಾರೆ.

2020ರ ಜನವರಿಯಲ್ಲಿ ಬೆಂಗಳೂರಿನ ಕರಿಯಮ್ಮನ ಅಗ್ರಹಾರದಲ್ಲಿ ನಡೆದದ್ದನ್ನು ವಾಚಕರು ಮರೆತಿರಲಾರರು. ಬಾಂಗ್ಲಾದವರು ಸೇರಿಕೊಂಡಿದ್ದಾರೆಂದು ಯಾರೋ ಹೇಳಿದರು. ಜೋಪಡಿಗಳ ಮೇಲೆ ಯಂತ್ರ ಹರಿಯಿತು. ಬೀದಿಗೆ ಬಿದ್ದವರು ಕಾಗದ ತೆಗೆದು ತೋರಿಸಿದಾಗ ಅಸ್ಸಾಮಿನವರಿದ್ದರು, ತ್ರಿಪುರದವರಿದ್ದರು. ನಮ್ಮ ಉತ್ತರ ಕರ್ನಾಟಕದ ಬರದ ಜಿಲ್ಲೆಗಳಿಂದ ಗುಳೆ ಬಂದ ಅಚ್ಚ ಕನ್ನಡಿಗರೂ ಇದ್ದರು! ಹೈಕೋರ್ಟು ಸರ್ಕಾರವನ್ನು ತರಾಟೆಗೆ ತೆಗೆದುಕೊಂಡಿತು. ಆದರೆ ಮೊದಲ ತೀರ್ಪು ಹೇಳಿದವರು ಯಾರು? ಸಿ.ಎಸ್. ಪುರದ ಹೋಟೆಲಿನ ಅರ್ಧ ನಿಮಿಷದ ತೀರ್ಪಿಗೂ ಅದಕ್ಕೂ ಇದ್ದ ಭೇದವೆಂದರೆ ಯಂತ್ರವೊಂದೇ.

ತುಮಕೂರಿನಿಂದ ಬೆಂಗಳೂರಿಗೆ ಹೋಗುವ ನಮ್ಮ ಜನ ನೆಲಮಂಗಲವನ್ನು ಹಾದೇ ಹೋಗಬೇಕು. ಅದರ ಹತ್ತಿರದ ಸೊಂಡೆಕೊಪ್ಪದಲ್ಲಿ ಒಂದು ಕಟ್ಟಡವಿದೆ. ಸಮಾಜ ಕಲ್ಯಾಣ ಇಲಾಖೆಯು ಬಡ ವಿದ್ಯಾರ್ಥಿಗಳಿಗೆಂದು ಕಟ್ಟಿಸಿದ ಹಾಸ್ಟೆಲು ಅದು. ಅದಕ್ಕೆ ಎತ್ತರದ ಗೋಡೆ, ಮುಳ್ಳುತಂತಿ, ಕಾವಲು ಗೋಪುರ ಹಾಕಿಸಿ ವಿದೇಶೀಯರನ್ನು ಇರಿಸುವ ಬಂಧನ ಕೇಂದ್ರವನ್ನಾಗಿ ಮಾಡಿದ್ದಾರೆ. ಜೈಲಿನಲ್ಲಿರುವವನಿಗೆ ಬಿಡುಗಡೆಯ ದಿನವಾದರೂ ಗೊತ್ತಿರುತ್ತದೆ. ಇಲ್ಲಿರುವವನನ್ನು ಯಾವ ದೇಶವೂ ನಮ್ಮವನೆಂದು ಒಪ್ಪದಿದ್ದರೆ ಅವನು ಎಂದು ಹೊರಬರುತ್ತಾನೆ?

ಇಂತಹ ಮಂಡಳಿ ಮಾಡುವುದು ನಮ್ಮಿಂದಾಗದ ಕೆಲಸವೆಂದು ಯಾರೂ ಹೇಳಬಾರದು. 1951ರಲ್ಲಿ ಕಾಗೋಡಿನಲ್ಲಿ ಗೇಣಿದಾರರು ಹೂಡಿದ ಸತ್ಯಾಗ್ರಹ ಫಲ ಕೊಡಲು ಇಪ್ಪತ್ತು ವರ್ಷಕ್ಕೂ ಮೀರಿ ಹಿಡಿಯಿತಾದರೂ, 1974ರ ಭೂಸುಧಾರಣೆಯ ತಿದ್ದುಪಡಿಯಲ್ಲಿ ತಾಲ್ಲೂಕುಗಳಲ್ಲಿ ಭೂನ್ಯಾಯ ಮಂಡಳಿಗಳು ಬಂದವು. ಉಪವಿಭಾಗಾಧಿಕಾರಿಯ ಜೊತೆ ನಾಲ್ವರು ಸಾರ್ವಜನಿಕರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು. ಲಕ್ಷಾಂತರ ಗೇಣಿದಾರರು ಅರ್ಜಿ ಹಾಕಿದರು. ಕಾಗದವಿಲ್ಲದ ಗೇಣಿದಾರನನ್ನು ಕಾಗದವಿಲ್ಲವೆಂದು ಅಟ್ಟಲಿಲ್ಲ. ಹೊಲದ ಬದುವಿನಲ್ಲಿ ನಿಂತು, ಇಲ್ಲಿ ಉತ್ತವರು ಯಾರೆಂದು ನೆರೆಹೊರೆಯವರನ್ನು ಕೇಳುವುದಕ್ಕೆ ಅಲ್ಲಿ ಜಾಗವಿತ್ತು. ಎಲ್ಲ ಮಂಡಳಿಗಳೂ ಸತ್ಯಹರಿಶ್ಚಂದ್ರನ ಪೀಠವಾಗಿದ್ದುವೆಂದು ನಾವು ಹೇಳಲಾರೆವು. ಜಮೀನುದಾರರ ಬಾಲಬಡುಕರು ನಾಮಕರಣಗೊಂಡ ಕಡೆ ಏನಾಯಿತೆಂಬುದು ನಮ್ಮ ಹಿರಿಯ ಸಂಗಾತಿಗಳಿಗೆ ಗೊತ್ತು. ಆದರೂ ದುಡಿಯುವವನು ತನ್ನ ತಾಲ್ಲೂಕಿನಲ್ಲಿ, ತನ್ನ ಭಾಷೆಯಲ್ಲಿ, ಬಾಯಿಬಿಟ್ಟು ತನ್ನ ಮಾತನ್ನು ಹೇಳಿದ. ನೆಲದ ಹಕ್ಕಿಗೆ ಇಷ್ಟು ಮಾಡಬಹುದಾದರೆ, ನೆಲದ ಮೇಲೆ ನಿಲ್ಲುವ ಹಕ್ಕಿಗೆ ಮಾಡಲಾಗದೆ?

ಹಾಗಾದರೆ ಗಡಿಯನ್ನು ತೆರೆದುಬಿಡಬೇಕೆ ಎಂದು ಕೆಲವರು ಕೇಳುತ್ತಾರೆ. ನಾವು ಹಾಗೆ ಹೇಳಿಲ್ಲ. ಬರಬಾರದವರು ಬಂದಿದ್ದರೆ ಕಾನೂನಿನಂತೆ ಕಳುಹಿಸಲಿ. ಕಳುಹಿಸುವ ಮೊದಲು ಕೇಳಲಿ ಎಂಬುದಷ್ಟೇ ನಮ್ಮ ವಾದ. ಆಳುವವರು ನಡೆಯುತ್ತಿರುವ ದಿಕ್ಕು ಬೇರೆ. ಆ ಅಲುಗಾಡುವ ಕುರ್ಚಿಯೂ ನಿಧಾನವೆನ್ನಿಸಿ, 2025ರ ಸೆಪ್ಟೆಂಬರಿನಲ್ಲಿ ಅಸ್ಸಾಂ ಮಂತ್ರಿಮಂಡಲವು 1950ರ ಹಳೆಯ ಹೊರದೂಡುವ ಕಾಯಿದೆಯನ್ನು ಧೂಳು ಕೊಡವಿ ತೆಗೆಯಿತು. ಜಿಲ್ಲಾಧಿಕಾರಿ ಹತ್ತು ದಿನದ ನೋಟೀಸು ಕೊಡುವುದು, ಕಾಗದ ಒಪ್ಪಿಗೆಯಾಗದಿದ್ದರೆ ಹೊರಹಾಕಲು ಆಜ್ಞೆ ಮಾಡುವುದು. ಹತ್ತು ದಿನ! ನಮ್ಮಲ್ಲಿ ಬಗರ್‌ಹುಕುಂ ಅರ್ಜಿಗೆ ಹಿಂಬರಹ ಬರಲು ಹತ್ತು ವರ್ಷ ಕಾಯುವವರಿದ್ದಾರೆ.

ತೀರ್ಮಾನಿಸುವವನಿಗೆ ನಿಶ್ಚಿತವಾದ ಅವಧಿ ಇರಬೇಕು. ಅವನ ನೇಮಕ ಹೈಕೋರ್ಟಿನ ಕೈಯಲ್ಲಿರಬೇಕು, ಗೃಹ ಇಲಾಖೆಯ ಕೈಯಲ್ಲಲ್ಲ. ಎದುರಿಗೆ ನಿಂತವನಿಗೆ ಸರ್ಕಾರದ ಖರ್ಚಿನಲ್ಲಿ ವಕೀಲನೂ ದುಭಾಷಿಯೂ ದೊರೆಯಬೇಕು. ಸಂಶಯಕ್ಕೆ ಆಧಾರವೇನೆಂದು ಸರ್ಕಾರ ಮೊದಲು ಹೇಳಬೇಕು. ತೀರ್ಪು ಕಾರಣಸಹಿತವಾಗಿರಬೇಕು, ಅದರ ಮೇಲೆ ಅಪೀಲು ಇರಬೇಕು. ಈಗ ಮಂಡಳಿಯ ಮೇಲೆ ಅಪೀಲೆಂಬುದಿಲ್ಲ. ರಿಟ್ ಅರ್ಜಿಯೊಂದೇ ಗತಿ. ಅದರ ಖರ್ಚನ್ನು ಕಾಯಿ ಸುಲಿಯುವವನು ಹೊರಲಾರ. ನಿರಾಶ್ರಿತರಿಗೆ ಒಂದು ಕಾಯಿದೆಯಾಗಲಿ; ಅದರಲ್ಲಿ ಧರ್ಮದ ಕಾಲಂ ಬೇಡ. ಈ ವಿಷಯವನ್ನು ಗುಬ್ಬಿ, ಕುಣಿಗಲು, ತುಮಕೂರು ತಾಲ್ಲೂಕುಗಳ ನಮ್ಮ ಶಾಖೆಗಳು ತಮ್ಮ ಮುಂದಿನ ಸಭೆಗಳಲ್ಲಿ ಚರ್ಚಿಸಿ, ಪಾರ್ಲಿಮೆಂಟ್ ಸದಸ್ಯರಿಗೆ ಬರೆದು ತಿಳಿಸಬೇಕೆಂದು ಕೋರುತ್ತೇವೆ.

ಸಿ.ಎಸ್. ಪುರದ ಮಂಡಿ ಮಾಲೀಕರಿಗೂ ಒಂದು ಮಾತು. ಕೆಲಸಕ್ಕೆ ಇಟ್ಟುಕೊಂಡ ಹುಡುಗರ ಹೆಸರನ್ನು ಪುಸ್ತಕದಲ್ಲಿ ಸರಿಯಾಗಿ ಬರೆದುಕೊಳ್ಳಿ. ಅವರ ಆಧಾರದಲ್ಲಿ ಹೇಗಿದೆಯೋ ಹಾಗೆಯೇ, ಒಂದಕ್ಷರವೂ ಬದಲಾಗದಂತೆ. ವಾರವಾರದ ಕೂಲಿಗೆ ಚೀಟಿ ಕೊಡಿ. ಊರಿನಿಂದ ನೋಟೀಸು ಬಂದಿದೆ, ಹೋಗಬೇಕು ಎಂದರೆ ರಜ ಕೊಡಿ, ಮುಂಗಡವಾಗಿ ರೈಲಿನ ಖರ್ಚನ್ನೂ ಕೊಡಿ. ವಾಯಿದೆಯ ದಿನ ತಾನೆಲ್ಲಿದ್ದೆನೆಂದು ತೋರಿಸಲು ಅವನಿಗೆ ನಿಮ್ಮ ಆ ಚೀಟಿಯೊಂದೇ ಸಾಕ್ಷಿಯಾದೀತು.